ಊಟಿ ಇಳಿಯುವ ಕಾರಿಗೆ ಫುಲ್ ಚಾರ್ಜ್ ಬೇಡ

ಗೂಡಲೂರು: ಗುಂಡ್ಲುಪೇಟೆ ಕಡೆಯಿಂದ ಎಲೆಕ್ಟ್ರಿಕ್ ಕಾರಿನಲ್ಲಿ ನೆಂಟರ ಮನೆಗೆ ಬರುವವರಿಗೆ ಘಾಟಿಯ ಲೆಕ್ಕವೇ ಬೇರೆ. ಸುಮಾರು 1,000 ಮೀಟರ್ ಎತ್ತರದ ಗೂಡಲೂರಿನಿಂದ 2,240 ಮೀಟರ್ ಎತ್ತರದ ಊಟಿಗೆ ಹತ್ತಲು, ಒಂದೂವರೆ ಟನ್ ಕಾರಿಗೆ ಆ ಏರಿಗೆಂದೇ ಕನಿಷ್ಠ 5 ಯೂನಿಟ್ ವಿದ್ಯುತ್ ಬೇಕು. ಇಳಿಯುವಾಗ ಮೋಟಾರೇ ವೇಗ ಹಿಡಿದು, ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಬ್ರೇಕ್ ಸವೆತವೂ ಕಮ್ಮಿ.

ಎಡವಟ್ಟಾಗುವುದು ಇಲ್ಲೇ. ಊಟಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ವಾಪಸ್ ಬರುವ ಕರೆಂಟಿಗೆ ಜಾಗವೆಲ್ಲಿ? ಎಷ್ಟೋ ಕಾರುಗಳಲ್ಲಿ ಮೋಟಾರಿನ ಹಿಡಿತ ಸಡಿಲವಾಗಿ, ಭಾರವೆಲ್ಲ ಕಾಲಬ್ರೇಕಿನ ಮೇಲೆ ಬೀಳುತ್ತದೆ. ಮಸಿನಗುಡಿಯವರು ಕಲ್ಹಟ್ಟಿಯ 36 ತಿರುವು ಇಳಿಯುವಾಗಲಂತೂ ಬ್ರೇಕ್ ಕಾದರೆ ಆಟವಲ್ಲ. ಶೇ. 80ಕ್ಕೇ ನಿಲ್ಲಿಸುವುದು ಲೇಸು.

ಇನ್ನು ಬಂಡೀಪುರದ ದಾರಿ 2009ರಿಂದ ರಾತ್ರಿ 9ಕ್ಕೇ ಬಂದ್. ಚಾರ್ಜಿಗೆ ಕಾಯುವ ಹೊತ್ತನ್ನೂ ಮೊದಲೇ ಎಣಿಸಿಕೊಂಡು ಹೊರಡಬೇಕು.