ಹಂಪಿಯ ಕಾಲುವೆಯೂ ಸ್ಮಾರಕವೇ



ನಮ್ಮ ಮುಂಡರಗಿ ಭಾಗದ ಶಾಲೆಗಳ ಮಕ್ಕಳು ಹಂಪಿಗೆ ಪ್ರವಾಸ ಹೋಗುತ್ತಾರೆ. ವಿರೂಪಾಕ್ಷನ ಗುಡಿ, ಕಲ್ಲಿನ ತೇರು, ಕಮಲ ಮಹಲು, ಆನೆ ಲಾಯ ನೋಡಿ ಬರುತ್ತಾರೆ. ಆ ನಗರವನ್ನು ಬದುಕಿಸಿದ ತುರುತ್ತು ಕಾಲುವೆಯ ಬಗ್ಗೆ ಅವರಿಗೆ ಹೇಳುವವರು ಅಪರೂಪ. ಈ ಉಪೇಕ್ಷೆಗೆ ನನ್ನ ಆಕ್ಷೇಪವಿದೆ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಕಲ್ಲಿನ ಅಡ್ಡಕಟ್ಟೆ ಹಾಕಿ ತಿರುಗಿಸಿದ ನೀರು ಇದು. ಗುಡಿಗಳ ಪ್ರದೇಶಕ್ಕೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಹರಿದು ಇಂದಿಗೂ ಬತ್ತ, ಬಾಳೆ ಬೆಳೆಸುತ್ತಿದೆ. ಬಡವಿಲಿಂಗದ ಪೀಠ ಸದಾ ನೀರಿನಲ್ಲಿರುವುದೂ ಕಾಲುವೆಯ ನೀರಿನಿಂದಲೇ. 1565ರಲ್ಲಿ ನಗರ ಹಾಳಾಯಿತು, ಕಾಲುವೆ ಉಳಿಯಿತು. ಮುಂದೆ ತುಂಗಭದ್ರಾ ಅಣೆಕಟ್ಟು ಬಂದಾಗ ನದಿಯ ಮೇಲ್ಭಾಗದ ಕೆಲವು ಹಳೆಯ ಕಟ್ಟೆಗಳು ಹಿನ್ನೀರಿನಲ್ಲಿ ಮುಳುಗಿದವು. ಅಣೆಕಟ್ಟಿನ ಕೆಳಗಿದ್ದ ತುರುತ್ತು ಬಚಾವಾಯಿತು.

ಕಪ್ಪತಗುಡ್ಡದ ಸೆರಗಿನಲ್ಲಿರುವ ನಮಗೆ ನೀರಿನ ಬೆಲೆ ಗೊತ್ತು. ಅದೇ ತುಂಗಭದ್ರೆಗೆ ಹಮ್ಮಿಗಿ ಬಳಿ ಬ್ಯಾರೇಜ್ ಕಟ್ಟಿ, ಸಿಂಗಟಾಲೂರು ಯೋಜನೆಯಲ್ಲಿ ಪಂಪಿನಿಂದ ನೀರೆತ್ತಬೇಕಾಗಿದೆ. ತುರುತ್ತು ಕಾಲುವೆ ಕರೆಂಟಿನ ಹಂಗಿಲ್ಲದೆ, ನೆಲದ ಇಳಿಜಾರನ್ನೇ ನಂಬಿ ಶತಮಾನಗಳಿಂದ ಹರಿಯುತ್ತಿದೆ. ಇಂಥ ಜಾಣ್ಮೆಯನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಬೇಡವೇ?

ವಿಜಯನಗರ ಕಾಲದ ಇಂಥ ಕಾಲುವೆಗಳ ಆಧುನೀಕರಣಕ್ಕೆ ನನ್ನ ತಕರಾರಿಲ್ಲ. ಸೋರಿಕೆ ನಿಲ್ಲಬೇಕು, ಕೊನೆಯ ಹೊಲದ ರೈತನಿಗೂ ನೀರು ಮುಟ್ಟಬೇಕು. ಆದರೆ ಕಾಂಕ್ರೀಟ್ ಹಾಕುವ ಮುನ್ನ ಹಳೆಯ ತೂಬು, ಕಲ್ಲುಕಟ್ಟಡ, ನೀರಿನ ಕಲ್ಲುದೋಣಿಗಳ ನಕ್ಷೆ ಮತ್ತು ಚಿತ್ರ ದಾಖಲಾಗಲೇಬೇಕು. ಉಳಿಸಬಹುದಾದ ಕಲ್ಲನ್ನು ಕಿತ್ತೆಸೆಯಬಾರದು. ಒಮ್ಮೆ ಸಿಮೆಂಟಿನಡಿ ಹೋದದ್ದನ್ನು ಮತ್ತೆ ಓದಲಾಗದು.

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಪೂಜೆ ನಿಂತ ಗುಡಿಗಳಿಗೂ ಕಾವಲಿದೆ, ಫಲಕವಿದೆ. ದುಡಿಯುತ್ತಿರುವ ಕಾಲುವೆಗೂ ಆ ಗೌರವ ಸಲ್ಲಲಿ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, ಪುರಾತತ್ವ ಇಲಾಖೆ ಮತ್ತು ನೀರಾವರಿ ಅಧಿಕಾರಿಗಳು ಒಟ್ಟಿಗೆ ಕುಳಿತು, ಅಡ್ಡಕಟ್ಟೆಯಿಂದ ಹೊಲಗಳವರೆಗೆ ಕನ್ನಡದ ಫಲಕಗಳನ್ನು ನಿಲ್ಲಿಸಬೇಕು. ಕಾಲುವೆಗೆ ಕಸ, ಕೊಳಚೆ ಸೇರದಂತೆ ತಡೆಯಬೇಕು. ಈ ಕೆಲಸದಲ್ಲಿ ದಂಡೆಯ ರೈತರ ಮಾತಿಗೆ ಮೊದಲ ಸ್ಥಾನವಿರಲಿ. ಕಾಲುವೆಯನ್ನು ಇಷ್ಟು ಕಾಲ ಕಾಪಾಡಿದ್ದು ಅವರ ಬೇಸಾಯವೇ.

— ಒಬ್ಬ ಓದುಗ, ಡೋಣಿ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ