ಮಗಳ ಪದವಿ ಮತ್ತು ತಂದೆಯ ಅಢಾವೆ ಪತ್ರಿಕೆ

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುತ್ತಲೇ ನಮ್ಮ ವ್ಯಾಪಾರಸ್ಥ ಕುಟುಂಬಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದೇನು? ಉತ್ತರವೂ ಸಿದ್ಧವಾಗಿರುತ್ತದೆ. ಇಂಜಿನಿಯರಿಂಗ್, ವೈದ್ಯಕೀಯ, ಇಲ್ಲವಾದರೆ ಬಿ.ಕಾಂ. ಕಲಾ ವಿಭಾಗದ ಹೆಸರೆತ್ತಿದರೆ "ಅಂಕ ಕಡಿಮೆ ಬಂತೇ?" ಎಂದು ಕೇಳುವುದು ರೂಢಿ. 2024ರ ಬೇಸಿಗೆಯಲ್ಲಿ ಎಕ್ಕಂಬಿಯ ನಮ್ಮ ಮನೆಯ ಜಗುಲಿಯಲ್ಲಿ ನಾನೂ ಇದನ್ನೇ ಕೇಳಿದೆ. ವಾಣಿಜ್ಯ ವಿಭಾಗದಲ್ಲಿ ಉತ್ತಮ ಅಂಕ ಗಳಿಸಿದ್ದ ಮಗಳು, "ಅಪ್ಪಾ, ನಾನು ಇತಿಹಾಸ, ಅರ್ಥಶಾಸ್ತ್ರ ಓದುತ್ತೇನೆ" ಎಂದಳು. ನನ್ನ ಕಚೇರಿಯ ಫಲಕದಲ್ಲಿ ಆಕೆಯ ಹೆಸರನ್ನು ಮನಸ್ಸಿನಲ್ಲೇ ಬರೆದುಕೊಂಡಿದ್ದ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಅದೇ ದಿನಗಳಲ್ಲಿ ನಿಯಮವೂ ಬದಲಾಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯದಲ್ಲಿ ಆರಂಭವಾದ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು, 2024-25ರಿಂದ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಇಂತಹ ಅನಿಶ್ಚಯದಲ್ಲಿ ಪಾಲಕರು ಗಾಬರಿಯಾಗುವುದು ಸಹಜ. ಆದರೆ ಗಾಬರಿಯಲ್ಲಿ ಬರೆದ ಲೆಕ್ಕ ತಾಳೆಯಾಗುವುದಿಲ್ಲವೆಂಬುದನ್ನು ವೃತ್ತಿ ನನಗೆ ಕಲಿಸಿದೆ. ಆದ್ದರಿಂದ ಕಾಗದ ತೆಗೆದುಕೊಂಡು ಕುಳಿತೆ.

ಮೊದಲನೆಯ ಬಾಬು, ಬಾಗಿಲು ಮುಚ್ಚುತ್ತದೆಂಬ ಭಯ. ಪರಿಶೀಲಿಸಿದಾಗ ಇದು ನಿಲ್ಲಲಿಲ್ಲ. ನಮ್ಮ ಲೆಕ್ಕಪರಿಶೋಧಕರ ಸಂಸ್ಥೆಯೇ ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರಿಗೂ, ಶೇ. 60 ಅಂಕ ಪಡೆದ ಇತರ ಪದವೀಧರರಿಗೂ ಇಂಟರ್‌ಮೀಡಿಯೇಟ್ ಹಂತಕ್ಕೆ ನೇರ ಪ್ರವೇಶ ಕೊಡುತ್ತದೆ. ಮೂರು ವರ್ಷಗಳ ಕಾನೂನು ಪದವಿ, ಎಂ.ಬಿ.ಎ., ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ, ಇವುಗಳಿಗೆ ಯಾವ ವಿಭಾಗದ ಪದವಿಯಾದರೂ ನಡೆಯುತ್ತದೆ.

ಎರಡನೆಯದು, ವಿಷಯಗಳ ಬೆರಕೆಯಿಂದ ಪ್ರಯೋಜನವೇನೆಂಬ ಸಂಶಯ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಬಳಿಕ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಹಿಂದಿರುಗಿ ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಏಳು ವರ್ಷ ನೌಕರಿ ಮಾಡಿದರು. ನಾಟಕಕಾರರಾಗಿ ಅವರ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಎಲ್ಲ ಮಕ್ಕಳೂ ಕಾರ್ನಾಡರಾಗರು, ನಿಜ. ಆದರೆ ಇಂದು ಲಿಬರಲ್ ಆರ್ಟ್ಸ್ ಎಂಬ ಹೊಸ ಹೆಸರಿನಲ್ಲಿ ಬರುತ್ತಿರುವ ಕ್ರಮ ನಮ್ಮ ನಾಡಿಗೆ ಹೊಸತಲ್ಲವೆಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ವೆಚ್ಚ. ಬೆಂಗಳೂರಿನ ವಸತಿಸಹಿತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿದೆ. 2010ರಲ್ಲಿ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಕೆಲವು ಕಡೆ ಕುಟುಂಬದ ಆದಾಯ ನೋಡಿ ನೆರವು ನೀಡುವ ಪದ್ಧತಿಯುಂಟು. ಅರ್ಜಿ ಹಾಕುವುದರಲ್ಲಿ ಸಂಕೋಚ ಬೇಡ. ಆದರೆ ಅಡಿಕೆ ದರವನ್ನೇ ನಂಬಿ ನಾಲ್ಕು ವರ್ಷಗಳ ಸಾಲಕ್ಕೆ ಸಹಿ ಹಾಕುವುದು ವಿವೇಕವಲ್ಲ.

ನಾವು ಕೊನೆಗೆ ಆರಿಸಿದ್ದು ಜಿಲ್ಲೆಯೊಳಗಿನ ಒಂದು ಸಣ್ಣ ಕಾಲೇಜನ್ನು. ಆರಿಸುವ ಮುನ್ನ ಕಟ್ಟಡವನ್ನಷ್ಟೇ ನೋಡಿ ಬರಲಿಲ್ಲ. ಕಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂದು ಕೇಳಿದೆವು. ಗ್ರಂಥಾಲಯದಲ್ಲಿ ಪುಸ್ತಕ ಎರವಲು ನೀಡಿದ ವಹಿಯನ್ನು ನೋಡಿದೆವು. ಕೊನೆಯ ವರ್ಷದ ವಿದ್ಯಾರ್ಥಿಗಳೊಡನೆ ಮಾತನಾಡಿದೆವು. ನ್ಯೂನತೆಗಳೂ ಕಂಡವು. ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರಿದ್ದು, ಅವರು ನಿವೃತ್ತರಾದರೆ ಆ ವಿಷಯವೇ ಅನಾಥವಾಗುವ ಸ್ಥಿತಿ. ಹೀಗಿದ್ದರೂ ಇಪ್ಪತ್ತೆಂಟು ಮಂದಿಯ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಯ ಪ್ರಬಂಧವನ್ನು ಓದಿ ತಿದ್ದುವ ಗುರುಗಳಿದ್ದಾರೆಂಬುದು ನನ್ನನ್ನು ಒಪ್ಪಿಸಿತು.

ಕಳೆದ ದೀಪಾವಳಿಗೆ ಮನೆಗೆ ಬಂದ ಮಗಳು ನನ್ನ ಕಕ್ಷಿದಾರರೊಬ್ಬರು ಬ್ಯಾಂಕಿಗೆ ಬರೆದ ಪತ್ರವನ್ನು ಓದಿ, "ಇವರಿಗೆ ಏನು ಬೇಕೆಂಬುದೇ ಇದರಲ್ಲಿಲ್ಲವಲ್ಲ ಅಪ್ಪಾ" ಎಂದಳು. ಪತ್ರವನ್ನು ಕರಡು ಮಾಡಿದವನು ನಾನೇ!

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಎರಡು. ಶಿರಸಿಯ ಎಂ.ಎಂ. ಕಾಲೇಜು, ಸಿದ್ದಾಪುರದ ಎಂ.ಜಿ.ಸಿ. ಕಾಲೇಜು, ಯಲ್ಲಾಪುರದ ಸರ್ಕಾರಿ ಪದವಿ ಕಾಲೇಜುಗಳಂತಹ ಸಂಸ್ಥೆಗಳನ್ನು ನಿರ್ವಾಹವಿಲ್ಲದವರ ಆಶ್ರಯವೆಂದು ಭಾವಿಸದೆ, ಒಮ್ಮೆ ಹೋಗಿ ಪರಿಶೀಲಿಸಿರಿ. ಹಾಗೆಯೇ ಕಲಾ ವಿಭಾಗದ ವಿದ್ಯಾರ್ಥಿಗಳಿಗೂ ತಮ್ಮ ಮಂಡಿ, ಕಾರ್ಖಾನೆಗಳಲ್ಲಿ ರಜಾ ಅವಧಿಯ ತರಬೇತಿಗೆ ಅವಕಾಶ ಕೊಡಿರಿ. ವಿದ್ಯಾರ್ಥಿಗಳಿಲ್ಲದೆ ಒಂದು ವಿಭಾಗ ಮುಚ್ಚಿದರೆ ಮತ್ತೆ ತೆರೆಯುವುದು ದುಸ್ತರ. ಆ ನಷ್ಟ ಯಾವ ಅಢಾವೆ ಪತ್ರಿಕೆಯಲ್ಲೂ ಕಾಣಿಸದು, ಆದರೆ ಅದನ್ನು ಭರಿಸುವವರು ನಮ್ಮ ಮಕ್ಕಳೇ.