ಯಂತ್ರದ ಕಣ್ಣು ಮತ್ತು ಕಲಾ ವಿದ್ಯಾರ್ಥಿ

ಯಂತ್ರಮಾನವ, ಯಂತ್ರದೃಷ್ಟಿ ಎಂದೊಡನೆ ನಮ್ಮ ಸಹಪಾಠಿಗಳು 'ಅದು ಸಾಯನ್ಸಿನವರ ಮಾತು' ಎಂದು ಪುಟ ಮಗುಚುವರು. ನಾನೂ ಹಾಗೆಯೇ ಮಗುಚುತ್ತಿದ್ದವನು. ಅದು ತಪ್ಪೆಂದು ಈಗ ನನಗೆ ತೋರುತ್ತದೆ.

2023ರ ಅಗಸ್ಟ್ 27ರಂದು ಚಂದ್ರನ ಮೇಲೆ ನಡೆಯುತ್ತಿದ್ದ ನಮ್ಮ 'ಪ್ರಜ್ಞಾನ'ಕ್ಕೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಕ್ಯಾಮರಾ ಅದನ್ನು ಕಂಡಿತು. ಹಿಂದಿರುಗೆಂದು ಆಜ್ಞೆ ಕೊಟ್ಟವರು ಭೂಮಿಯ ಮೇಲಿನ ಮನುಷ್ಯರು. ಕಣ್ಣು ಯಂತ್ರದ್ದು, ವಿವೇಕ ಮನುಷ್ಯರದು.

ಅಕ್ಷರದ ವಿಷಯವೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಹಾಗೂ ಎಚ್. ಆರ್. ಶಿವಕುಮಾರ ಅವರು 'ಲಿಪಿ ಜ್ಞಾನಿ' ಎಂಬ ತಂತ್ರಾಂಶವನ್ನು ರಚಿಸಿದ್ದಾರೆ. ಅಚ್ಚಾದ ಕನ್ನಡ ಪುಟದ ಚಿತ್ರವನ್ನು ನೋಡಿ ಅದು ಅಕ್ಷರಗಳನ್ನು ಗುರುತಿಸುವದು. ಅದನ್ನು ಪಳಗಿಸಿ ಪರೀಕ್ಷಿಸಲು 1970ರಿಂದ 2002ರ ವರೆಗಿನ 35ಕ್ಕೂ ಹೆಚ್ಚು ಪುಸ್ತಕಗಳನ್ನು ಬಳಸಿದರು. ಅವುಗಳಲ್ಲಿ ಹಳಗನ್ನಡದವೂ ಇದ್ದವು. ಇಂಗ್ಲೀಷ್ ಅಕ್ಷರಗಳು ಸಾಲಾಗಿ ನಿಲ್ಲುವ ಸಾಧುಗಳು. ನಮ್ಮವಕ್ಕೋ ತಲೆಯ ಮೇಲೆ ಗುಡಿಸು, ಬಗಲಿಗೆ ದೀರ್ಘ, ಕಾಲಡಿಗೆ ಒತ್ತು! ಒಂದು ಸೀಳು ಮಾಸಿದರೆ 'ಧ' ಹೋಗಿ 'ದ' ಆಗುವದು. ಕಳೆದ ತಿಂಗಳು ಗ್ರಂಥಾಲಯದ ಹಳೆಯ ಪುಸ್ತಕದ ಪುಟವೊಂದನ್ನು ಮೊಬೈಲಿಗೆ ತೋರಿಸಿದೆ. 'ಧನ'ವೆಲ್ಲ 'ದನ'ವಾಗಿ ಬಂದಿತು. (ಬೆಳ್ಳಟ್ಟಿಯ ನಮ್ಮಜ್ಜನವರನ್ನು ಕೇಳಿದರೆ 'ಎರಡೂ ಒಂದೇ ಅಲ್ಲೇನೋ ತಮ್ಮಾ' ಎಂದಾರು.) ಯಂತ್ರಕ್ಕೆ ತನ್ನ ತಪ್ಪು ತಿಳಿಯಲಿಲ್ಲ, ವಾಕ್ಯದ ಅರ್ಥ ಬಲ್ಲ ನನಗೆ ತಿಳಿಯಿತು.

ಇನ್ನು ಲಕ್ಷ್ಮೇಶ್ವರ. ಅದೇ ಹಳೆಯ ಪುಲಿಗೆರೆ. ಪಂಪನು ತನ್ನ ಕಾವ್ಯದ ಕನ್ನಡ ಅಲ್ಲಿಯದೆಂದು ಹೆಮ್ಮೆಯಿಂದ ಹೇಳಿಕೊಂಡನು. ಸೋಮೇಶ್ವರ ಗುಡಿಗೆ ಹೋಗುವ ನಮ್ಮಲ್ಲಿ ಅಲ್ಲಿಯ ಶಾಸನಗಳ ಮುಂದೆ ನಿಲ್ಲುವವರೆಷ್ಟು ಜನ? ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ತಮ್ಮ ಸುತ್ತಲಿನ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕಾರ್ಯವನ್ನು ಕೈಕೊಂಡರು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಪರದೆಯ ಮೇಲೆ ಎದ್ದು ನಿಲ್ಲುವದು. ಆದರೆ ಎದ್ದು ನಿಂತ ಗೆರೆ 'ಱ'ವೋ 'ೞ'ವೋ, ಶಬ್ದವೆಲ್ಲಿ ಮುರಿಯಿತು ಎಂದು ಯಂತ್ರಕ್ಕೆ ಹೇಳಿಕೊಡುವವರಾರು? ಹಳಗನ್ನಡದ ತಾಸಿನಲ್ಲಿ ಹಿಂದಿನ ಬಾಕಿನ ಮೇಲೆ ತೂಕಡಿಸುವ ನಾವೆ? ನಾವು ಕಲಿಯದಿದ್ದರೆ ಯಂತ್ರವೂ ಕಲಿಯದು. ಕಲಿತರೂ ನಮ್ಮ ತಪ್ಪನ್ನೇ ಕಲಿತೀತು.

ಅಧ್ಯಾಪಕರಲ್ಲಿ ಒಂದು ವಿನಂತಿ. ಬರುವ ವರ್ಷದ ಪ್ರವಾಸವನ್ನು ಗೋವೆಗೆ ಒಯ್ಯುವ ಮೊದಲು ಒಂದು ದಿನ ನಮ್ಮನ್ನು ಆ ಗುಡಿಗೆ ಕರೆದೊಯ್ಯಿರಿ; ಅನುಮತಿ ದೊರೆತರೆ ಶಾಸನಗಳ ಚಿತ್ರ ತೆಗೆದು, ಕುಳಿತು ಓದೋಣ. ಬಸ್ ಪಾಸು ಇದ್ದವರಿಗೆ ಖರ್ಚೂ ಅಷ್ಟಾಗಿ ಬಾರದು.